ಸುಮ್ನೆ ಕೂತಿದ್ದೆ ಮಾವ

ನಮ್ಮ ಚಿಕ್ಕಪ್ಪ ಕುಡಿದವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಆದರೂ ಕದ್ದುಮುಚ್ಚಿ ಮಾಡುವ ಚಟವೊಂದು ಅವನಿಗಿತ್ತು. ಕಾದಂಬರಿ ಓದುವುದು. ಪರೀಕ್ಷೆಗೆ ಓದಿದರೆ ಅದು ಓದು, ಖುಷಿಗೆ ಓದಿದರೆ ಮೈಗಳ್ಳತನ ಎಂದು ಯಾವ ಪುಣ್ಯಾತ್ಮರು ಅವನ ತಲೆಗೆ ತುಂಬಿದರೋ ಕಾಣೆ.

ಅವನು ತನ್ನ ಮಾವನ ಮರಗೆಲಸದ ಅಂಗಡಿಯಲ್ಲಿ ಪಾಲಿಶ್ ಹಚ್ಚುತ್ತಿದ್ದ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ಚಿಕ್ಕಮ್ಮನ ಜೊತೆ ಸಂಸಾರ. ಮಾವನಿಗೆ ಕೈ ಖಾಲಿಯಿದ್ದರೆ ಜ್ವರ ಬಂದ ಹಾಗೆ. ರಜೆಯ ದಿನವೂ ಯಾರದೋ ಮನೆಯ ಕಿಟಕಿ ಸರಿಮಾಡುತ್ತ ಏಣಿಯ ಮೇಲಿರುತ್ತಿದ್ದರು. ಅವರ ಮಗ ಬೆಳಗ್ಗೆ ಓಡುತ್ತಿದ್ದ, ಸಂಜೆ ಈಜುತ್ತಿದ್ದ, ಮಧ್ಯೆ ಹಲಗೆ ಕೊಯ್ಯುತ್ತಿದ್ದ. "ಬನ್ನಿ ಭಾವ, ಸ್ವಲ್ಪ ಮೈ ಬೆವರಲಿ" ಎಂದು ಒಮ್ಮೆ ಚಿಕ್ಕಪ್ಪನನ್ನೂ ಎಳೆದುಕೊಂಡು ಹೋದ. ಚಪ್ಪಲಿ ಕಿತ್ತುಹೋಯಿತೆಂದು ಚಿಕ್ಕಪ್ಪ ಬೀದಿಯ ತಿರುವಿನಿಂದಲೇ ವಾಪಸ್ಸು ಬಂದ. ಚಪ್ಪಲಿ ನೆಟ್ಟಗೇ ಇತ್ತು, ಕಿತ್ತುಹೋಗಿದ್ದು ಉಸಿರು.

ಪಾಲಿಶ್ ಒಂದು ಕೈ ಹಚ್ಚಿದ ಮೇಲೆ ಒಣಗುವ ತನಕ ಅದನ್ನು ಮುಟ್ಟುವಂತಿಲ್ಲ, ಹತ್ತಿರದಲ್ಲಿ ಧೂಳೆಬ್ಬಿಸುವಂತಿಲ್ಲ. ಈ ಕೆಲಸದಲ್ಲಿ ಕಾಯುವುದೂ ಕೆಲಸವೇ. ಆ ಹೊತ್ತಿನಲ್ಲಿ ಚಿಕ್ಕಪ್ಪ ಕಪಾಟಿನ ಮರೆಯಲ್ಲಿ ಕೂತು ಓದುತ್ತಿದ್ದ. ಹೆಜ್ಜೆ ಸಪ್ಪಳ ಕೇಳಿದರೆ ಪುಸ್ತಕ ಚಿಂದಿಬಟ್ಟೆಯ ಡಬ್ಬದೊಳಕ್ಕೆ.

"ಏನ್ ಮಾಡ್ತಿದ್ದೀರಿ ಅಳಿಯಂದ್ರೇ?"

"ಏನಿಲ್ಲ ಮಾವ, ಸುಮ್ನೆ ಕೂತಿದ್ದೆ."

ಸೋಮಾರಿ ಅನ್ನಿಸಿಕೊಂಡರೂ ಚಿಂತೆಯಿಲ್ಲ, ಓದುತ್ತಿದ್ದೆ ಎನ್ನಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈಯುರಿಯುತ್ತದೆ.

ಅಂಗಡಿಯಲ್ಲಿ ಯಾವ ಸಾಮಾನಿಗಾದರೂ ಪಾಲಿಶಿನ ಕೊನೇ ಕೈ ಮಾವನದೇ. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಆದರೆ ಅವರ ಕಣ್ಣು ಮಂಜಾಗತೊಡಗಿತ್ತು. ತಾವೇ ಮಾಡಿದ ದೊಡ್ಡದೊಂದು ಊಟದ ಮೇಜನ್ನು ತೋರಿಸಿ, "ಇದರ ಕೊನೇ ಕೈ ನೀವೇ ಹಚ್ಚಿ. ಚೆನ್ನಾಗಿ ಬಂದ್ರೆ ಇನ್ಮೇಲೆ ಪಾಲಿಶ್ ವಿಚಾರಕ್ಕೆ ನಾನು ತಲೆ ಹಾಕಲ್ಲ" ಎಂದರು. ಮದುವೆಯಾದಾಗಿನಿಂದ ಚಿಕ್ಕಪ್ಪ ಈ ಒಂದು ಮಾತಿಗಾಗಿ ಕಾದಿದ್ದ.

ಅವನು ಉಸಿರು ಬಿಗಿಹಿಡಿದು ಹಚ್ಚಿದ. ಮೇಜಿನಲ್ಲಿ ಮುಖ ಕಾಣುತ್ತಿತ್ತು. ನೂಲಿನ ಎಳೆ ಹಾರಿ ಅಂಟೀತೆಂದು ಚಿಂದಿಯ ಡಬ್ಬವನ್ನೂ ತಾನೇ ಹೊರಗಿಟ್ಟು ಬಂದ. ಆಮೇಲೆ ಪುಸ್ತಕ ತೆಗೆದ. ಕಥೆಯಲ್ಲಿ, ಎಂದೋ ಮನೆ ಬಿಟ್ಟು ಹೋಗಿದ್ದ ಹೆಂಗಸೊಬ್ಬಳು ತನ್ನದೇ ಮನೆಯ ಬಾಗಿಲು ತಟ್ಟುತ್ತಿದ್ದಳು. ಒಳಗಿನಿಂದ ಯಾರೋ ಎದ್ದು ಬರುತ್ತಿದ್ದರು. ಅಷ್ಟರಲ್ಲಿ ಹಿಂದೆ ಮಾವ ಕೆಮ್ಮಿದರು.

ಚಿಕ್ಕಪ್ಪ ಹಾವು ತುಳಿದವನಂತೆ ಎದ್ದ. ಡಬ್ಬವಿಲ್ಲ. ಕೈಗೆ ಸಿಕ್ಕ ಕಡೆ ಪುಸ್ತಕವನ್ನು ಬೋರಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಕೈಗೆ ಸಿಕ್ಕಿದ್ದು ಹಸಿ ಮೇಜು.

"ಸುಮ್ನೆ ಕೂತಿದ್ದೆ ಮಾವ."

ಮಾವ ಅವನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ ನೋಡಿದರು. ಚಿಕ್ಕಪ್ಪ ಗಡಿಬಿಡಿಯಲ್ಲಿ ಪುಸ್ತಕ ಎಳೆದ. ಅರ್ಧ ಹಾಳೆ ಮೇಜಿಗೇ ಉಳಿಯಿತು. ಉಳಿದರ್ಧದ ಜಾಗದಲ್ಲಿ ಅಕ್ಷರಗಳು ತಿರುಗುಮುರುಗಾಗಿ ಅಚ್ಚೊತ್ತಿದ್ದವು. ಸದ್ದು ಕೇಳಿ ಬಂದ ಮಾವನ ಮಗ ನಗು ತಡೆಯಲಾರದೆ ತುಟಿ ಕಚ್ಚಿಕೊಂಡು ಹೊರಗೆ ಹೋದ.

ಮಾವ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಚಿಕ್ಕಪ್ಪ ಚಿಕ್ಕಮ್ಮನ ಹತ್ತಿರ ಎಷ್ಟು ಸಲ ಹೇಳಿದ್ದಾನೋ. ಅವರು ಪಾಲಿಶ್ ಗಟ್ಟಿಯಾಗುವ ತನಕ ಬಿಟ್ಟು, ಆಮೇಲೆ ತಾವೇ ಉಪ್ಪು ಕಾಗದ ಹಿಡಿದು ಕಲೆಯನ್ನು ಉಜ್ಜಿ ತೆಗೆಯತೊಡಗಿದರು. ಚಿಕ್ಕಪ್ಪ ಕೈ ಚಾಚಿದ. ಅವರು ಕೊಡಲಿಲ್ಲ. ಅವನು ತಲೆ ತಗ್ಗಿಸಿ ನಿಂತ.

"ಅದರಲ್ಲಿ ಅಂಥದ್ದೇನಿದೆ ಅಳಿಯಂದ್ರೇ?" ಉಜ್ಜುತ್ತಲೇ ಕೇಳಿದರು.

ದನಿಯಲ್ಲಿ ಕೊಂಕಿರಲಿಲ್ಲ. ತಿಳಿಯಬೇಕೆಂದೇ ಕೇಳಿದ್ದರು. ಬಾಗಿಲು ತಟ್ಟಿದ ಹೆಂಗಸಿನ ಕಥೆ ಹೇಳಬಹುದಿತ್ತು. ಅವಳಿಗಾಗಿ ಜೀವ ಹೇಗೆ ಬಾಯಿಗೆ ಬಂದಿತ್ತೆಂದು ಹೇಳಬಹುದಿತ್ತು. ಆದರೆ ಹಾಳು ನಾಚಿಕೆ.

"ಏನಿಲ್ಲ ಮಾವ. ಸುಮ್ನೆ."

ಮಾವನ ಕೈ ನಿಂತಿತು.

"ಏನೂ ಇಲ್ಲದ್ದಕ್ಕೆ ನನ್ನ ಮೇಜು ಕೆಡಿಸಿದ್ರಾ?"

ಮೇಜು ಸರಿಹೋಯಿತು. ಅದನ್ನು ಕೆಡಿಸಿದ ನಾಚಿಕೆಯೂ ಮೇಜಿನ ಜೊತೆಗೇ ಅಂಗಡಿ ಬಿಟ್ಟು ಹೋಯಿತು. ಇನ್ನೊಂದು ನಾಚಿಕೆ ಮಾತ್ರ ಹೋಗಲಿಲ್ಲ. ಅಷ್ಟು ಪ್ರೀತಿಯಿಂದ ಓದುತ್ತಿದ್ದ ಕಥೆಯನ್ನು ತನ್ನ ಬಾಯಾರೆ 'ಏನಿಲ್ಲ' ಅಂದುಬಿಟ್ಟಿದ್ದ. ಕೊನೇ ಕೈಯನ್ನು ಮಾವ ಕಡೆಯವರೆಗೂ ತಾವೇ ಹಚ್ಚಿದರು, ಚಿಕ್ಕಪ್ಪ ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದ.

ಈಗ ಅವನು ಅಂಗಡಿಯ ಬಾಗಿಲಲ್ಲೇ ಕೂತು ಓದುತ್ತಾನೆ. ಏನು ಓದುತ್ತಿದ್ದೀರಿ ಎಂದು ಯಾರಾದರೂ ಬಾಯಿಮಾತಿಗೆ ಕೇಳಿದರೂ ಸಾಕು, ಹಿಡಿದು ಕೂರಿಸಿಕೊಂಡು ಇಡೀ ಕಥೆ ಹೇಳುತ್ತಾನೆ. ಮಾವ ಮಾತ್ರ ಅವನನ್ನು ಇನ್ನೊಮ್ಮೆ ಕೇಳಲೇ ಇಲ್ಲ.