ಕಣಕ್ಕೆ ತೂತು ಹೊಡೆಯುವ ಯಂತ್ರ

ನನ್ನ ಮೈದುನನಿಗೂ ನನಗೂ ಎಂದೂ ಆಗಿಬರಲಿಲ್ಲ. ಅವನು ಈಗ ಇಲ್ಲ, ಹೋದವರ ಬಗ್ಗೆ ಒಳ್ಳೆಯ ಮಾತಾಡಬೇಕು ಅನ್ನುತ್ತಾರೆ. ನನಗೆ ಬರುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ವಿಷಯ ತಿದ್ದುವುದಕ್ಕೆ ನಾನು ಬಿಟ್ಟಿಲ್ಲ.

ನಮ್ಮ ಮನೆ ಕೊಳ್ಳೇಗಾಲದಿಂದ ಮಧುವನಹಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕ. ಮನೆಯ ಮುಂದೆಯೇ ರಾಗಿ ಬಡಿಯುವ ಕಣ. ನಾನು ಮದುವೆಯಾಗಿ ಬಂದ ವರ್ಷದಿಂದ ಅದನ್ನು ಮಾಡಿಸಿದ್ದು, ಬಳಿದಿದ್ದು ನಾನೇ. ಸುಗ್ಗಿಗೆ ಮೊದಲು ನೆಲಕ್ಕೆ ನೀರು ಕುಡಿಸಬೇಕು, ಎತ್ತು ತಿರುಗಿಸಿ ತುಳಿಸಬೇಕು, ಅರ್ಧ ಆರಿದ ಮೇಲೆ ಗುಂಡುಕಲ್ಲು ಉರುಳಿಸಬೇಕು, ಆಮೇಲೆ ಸಗಣಿ ಬಳಿಯಬೇಕು. ವರ್ಷ ವರ್ಷ ಹೀಗೆ ಮಾಡಿ ಆ ನೆಲಕ್ಕೆ ಸೂಜಿ ಚುಚ್ಚಿದರೂ ಇಳಿಯುತ್ತಿರಲಿಲ್ಲ. ಅಲ್ಲಿ ಬಡಿದ ರಾಗಿಯಲ್ಲಿ ಒಂದು ಕಲ್ಲು ಸಿಕ್ಕುತ್ತಿರಲಿಲ್ಲ.

ಎಪ್ಪತ್ತನೇ ಇಸವಿಯ ಈಚೆಗೆ ನಮ್ಮ ಮನೆಗೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನ ಜೊತೆ ಮೈದುನನ ಕೊಬ್ಬೂ ಬಂತು. ಅವನು ಮೈಸೂರಿನ ಹಾಸ್ಟೆಲಿನಲ್ಲಿ ಓದಿ ಬಂದವನು. ಕಣದ ಕೆಲಸಕ್ಕೆ ಒಂದು ದಿನ ಕೈಹಾಕಿದವನಲ್ಲ. ಯಾವುದೋ ಸೊಸೈಟಿಗೆ ಮೆಂಬರಾಗಿ ಆಫೀಸರುಗಳ ಹಿಂದೆ ತಿರುಗುತ್ತಿದ್ದ. ಯಳಂದೂರಿನಲ್ಲಿ ಯಾವುದೋ ಬಂಗಲೆಯ ಮುಂದೆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿದು ಬಂದ. ಬಂದವನು ಪಡಸಾಲೆಯಲ್ಲಿ ನಿಂತು ಹೇಳಿದ:

"ಅತ್ಗೆ, ಇನ್ಮೇಲೆ ಕಣ ಬ್ಯಾಡ. ಅಲ್ಲಿ ಉಲ್ಲಾಕ್ತೀನಿ."

"ಯಾವ ಎಮ್ಮೆಗಪ್ಪಾ?"

"ಎಮ್ಮೆಗಲ್ಲ. ಸಾಹೇಬ್ರು ಬಂದ್ರೆ ಕೂತ್ಕಳಕ್ಕೆ."

"ಸಾಹೇಬ್ರು ಕೂತ್ಕತಾರೋ, ಮೇಯ್ತಾರೋ?"

ಅವನ ಮುಖ ಕೆಂಪಗಾಯಿತು. ನನ್ನ ಗಂಡ ಎಂದಿನಂತೆ ನಡುವೆ ಬಾಯಿ ಹಾಕಿದರು. "ರಾಗಿನ ಟಾರ್ ರೋಡ್ ಮ್ಯಾಲೆ ಆಕ್ಬುಟ್ರಾಯ್ತು. ಅನೂರ್ಗೆ ಓಗೋ ಬಸ್ಸು ತುಳೀತದೆ. ಎಲ್ರೂ ಅಂಗೇ ಮಾಡ್ತಾವ್ರೆ."

"ಮುದ್ದೇಲಿ ಜಲ್ಲಿ ಸಿಕ್ಕಿ ಅಲ್ಲು ಮುರ್ದ್ರೆ ಬಸ್ನೋನು ಕಟ್ಟುಸ್ಕೊಡ್ತಾನಾ?" ಅಂದೆ. ಅವರು ಎದ್ದು ಹಿಪ್ಪುನೇರಳೆ ತೋಟಕ್ಕೆ ಹೋದರು. ಮಾತು ಮುಟ್ಟಿದಾಗಲೆಲ್ಲ ಅವರಿಗೆ ಆ ತೋಟದ ನೆನಪಾಗುತ್ತಿತ್ತು.

ಮಳೆಗಾಲದಲ್ಲಿ ಹುಲ್ಲು ನೆಟ್ಟದ್ದೂ ಆಯಿತು. ಬುಟ್ಟಿ ಬುಟ್ಟಿ ಗರಿಕೆ ತರಿಸಿ ಆಳುಗಳಿಂದ ಊರಿಸಿದ. ಬೇರು ಇಳಿದರೆ ತಾನೆ? ಒಂದು ತಿಂಗಳಿಗೆ ಹಳದಿಯಾಗಿ, ಎರಡನೇ ತಿಂಗಳಿಗೆ ಚಾಪೆ ಸುತ್ತಿದ ಹಾಗೆ ಕೈಗೆ ಬಂತು. ನಾನು ಅದನ್ನು ಸುತ್ತಿ ಅವನ ಕೋಣೆಯ ಬಾಗಿಲಿಗೆ ಒರಗಿಸಿಟ್ಟೆ.

ಅವನು ಟ್ರ್ಯಾಕ್ಟರಿಗೆ ನೇಗಿಲು ಕಟ್ಟಲು ಹೊರಟ. ಆಗ ನಮ್ಮ ಮಾವ ಜಗಲಿಯಿಂದ ಎದ್ದರು. ಅವರು ಕಣದ ಅಂಚಿಗೆ ಬಂದರೆ ಮೊದಲು ಮೆಟ್ಟು ಬಿಡುತ್ತಿದ್ದರು. ನಮ್ಮಲ್ಲಿ ಕಣದೊಳಗೆ ಮೆಟ್ಟು ಮೆಟ್ಟಿ ಹೋಗುವಂತಿಲ್ಲ, ನೇಗಿಲನ್ನಂತೂ ಅದರ ಮೇಲೆ ಹೂಡುವಂತೆಯೇ ಇಲ್ಲ.

"ಉಲ್ಲಾರ ಆಕು, ಊವಾರ ಆಕು. ನಾನಿರೋಗಂಟ ಕಣಕ್ಕೆ ನೇಗ್ಲು ಇಳೀಕೂಡ್ದು ಕಣ್ಲಾ," ಅಂದರು.

ಒಂದು ವಾರದ ಮೇಲೆ ಮೈದುನ ಹೊಸ ಮಾತು ತಂದ. ಪಟ್ಟಣಗಳಲ್ಲಿ ಹುಲ್ಲಿನ ನೆಲಕ್ಕೆಂದೇ ಒಂದು ಯಂತ್ರ ಇದೆಯಂತೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವುದು. ಉಳುವುದಿಲ್ಲ, ಬರೀ ತೂತು ಹೊಡೆಯುತ್ತದೆ. ತೂತಿನಲ್ಲಿ ಗಾಳಿ, ನೀರು ಇಳಿದು ಹುಲ್ಲು ಹಿಡಿಯುತ್ತದೆ. ಅಂಥದ್ದಕ್ಕೆ ಸುತ್ತಮುತ್ತ ಮೂರು ಕಡೆ ಕೇಳಿಕೊಂಡೂ ಬಂದಿದ್ದ.

"ಅದು ನೇಗ್ಲಲ್ಲ ಅಂತ ಯಾರೇಳ್ತಾರೆ?" ಅಂದರು ಮಾವ.

"ನಾನೇಳ್ತೀನಿ."

"ನಿನ್ ಮಾತು ಬ್ಯಾಡ. ದೊಡ್ಡ ಸೊಸೆ ನೋಡ್ಕ ಬರ್ಲಿ. ಕಣ ಬಳ್ದೋಳು ಅವ್ಳು."

"ಅವ್ರು ಎಲ್ಲಾದ್ಕೂ ನೇಗ್ಲು ಅಂದ್ಬುಡ್ತಾರಪ್ಪ!"

ಮಾವ ನನ್ನ ಕಡೆ ತಿರುಗಿದರು. "ನೋಡು ಮೊಗಾ, ಮೂರ್ನೂ ನೋಡಿ ಒಂದ್ನಾರ ಒಪ್ಕಂಡು ಬರ್ಬೇಕು. ಅಗೆ ಇಟ್ಕಂಡು ಏಳ್ಬ್ಯಾಡ."

ಅಲ್ಲಿಗೆ ನನ್ನ ಕೈ ಕಟ್ಟಿತು. ಯಾವುದನ್ನು ಒಪ್ಪಿದರೂ ಕಣ ಹಾಳಾಗುವುದು ನನ್ನ ಬಾಯಿಂದಲೇ.

ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಕೊಳ್ಳೇಗಾಲಕ್ಕೆ ಹೋದೆ. ದಾರಿಯ ಒಂದು ಗುಂಡಿಯನ್ನೂ ಅವನು ತಪ್ಪಿಸಲಿಲ್ಲ. ಸಾಮಾನಿನ ಅಂಗಡಿಯವನು ಒಂದು ಬಣ್ಣದ ಪುಸ್ತಕ ತೆಗೆದು ಚಿತ್ರ ತೋರಿಸಿದ. ಉರುಳೆಯ ತುಂಬ ಟೊಳ್ಳು ಕೊಳವೆಗಳು. ನೆಲಕ್ಕೆ ಇಳಿದು ಒಂದೊಂದು ಬಿರಡೆಯಷ್ಟು ಮಣ್ಣು ಕಿತ್ತು ಆಚೆಗೆ ಹಾಕುತ್ತದಂತೆ.

"ಎಷ್ಟು ಗಟ್ಟಿ ನೆಲ ಆದ್ರೂ ಬುಡಲ್ಲ ಕಣಮ್ಮ. ಕೊಯಮತ್ತೂರಿಂದ ತರಿಸ್ಬೇಕು," ಅಂದ.

ಅದು ಕೆಲಸ ಮಾಡುತ್ತದೆ ಅಂತ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆದರೆ ಬೆಲೆ ಕೇಳಿದ ಮೇಲೆ ಮೈದುನನೇ ಪುಸ್ತಕ ಮುಚ್ಚಿದ. ಇನ್ನೊಬ್ಬರ ಮುಂದೆ ದೊಡ್ಡಸ್ತಿಕೆ, ಗಂಟು ಬಿಚ್ಚುವಾಗ ಹೊಟ್ಟೆನೋವು. ಅವನ ಆ ಗುಣ ಮೊದಲ ಸಲ ನನ್ನ ಉಪಕಾರಕ್ಕೆ ಬಂತು.

ಎರಡನೆಯದು ಯಳಂದೂರಿನಲ್ಲಿ, ತೋಟ ಮಾಡಿ ಬಿಟ್ಟ ಒಬ್ಬರ ಕೊಟ್ಟಿಗೆಯಲ್ಲಿತ್ತು. ಹಳೆಯದು, ಅಗ್ಗ. ಒಂದು ಅಚ್ಚಿಗೆ ಸಾಲಾಗಿ ತಟ್ಟೆಯಂಥ ಅಲಗುಗಳು. ತುಕ್ಕು ಹಿಡಿದಿದ್ದರೂ ಬೆರಳಿಟ್ಟರೆ ಕುಯ್ಯುವ ಹಾಗಿತ್ತು. ಆ ಮನೆಯವರು ಅದನ್ನು ತಮ್ಮ ಅಂಗಳದಲ್ಲಿ ಒಂದು ಮಾರು ಎಳೆದು ತೋರಿಸಿದರು. ನೆಲದಲ್ಲಿ ಗೆರೆ ಬಿತ್ತು.

"ಸಾಲು ಬಿತ್ತು. ನೇಗ್ಲೇ ಇದು," ಅಂದೆ.

"ಸೀಳ್ತದೆ ಅಷ್ಟೆ, ಉಳಲ್ಲ!"

"ನಿಮ್ಮಪ್ಪನ ಮುಂದೆ ಎಳ್ದು ತೋರ್ಸು. ಸಾಲು ನೋಡಿ ಅವರೇನಂತಾರೆ ಕೇಳೋವಂತೆ."

ಅವನು ಹಲ್ಲು ಕಡಿದ. ಆ ಮಾತು ಮಾತ್ರ ನಾನು ಹಗೆ ಇಟ್ಟು ಹೇಳಿದ್ದಲ್ಲ. ಸಾಲು ಬಿದ್ದದ್ದು ನಿಜ.

ಮೂರನೆಯದು ಹನೂರಿನ ಕಮ್ಮಾರನ ಹತ್ತಿರ. ಅವನು ಅಂಥ ಯಂತ್ರವನ್ನು ಕಂಡವನೇ ಅಲ್ಲ. ಮೈದುನ ಬಾಯಲ್ಲಿ ಹೇಳಿದ್ದನ್ನು ಕೇಳಿ, ಒಂದು ಹುಣಸೆ ಕೊರಡಿಗೆ ಗಾಡಿಚಕ್ರದ ಹಳೇ ಪಟ್ಟಿ ತುಂಡು ಮಾಡಿ ಮುಳ್ಳು ಹೊಡೆದು ನಿಲ್ಲಿಸಿದ್ದ. ನಾನು ಒಂದು ಮುಳ್ಳಿನ ತುದಿಗೆ ಅಂಗೈ ಒತ್ತಿದೆ. ಮೊಂಡು. ಅಂಗೈಗೇ ಇಳಿಯದ್ದು ನನ್ನ ಕಣಕ್ಕೆ ಇಳಿಯುತ್ತದೆಯೆ?

"ಇದು ಬರೀ ಚುಚ್ಚೋದು. ನೇಗ್ಲಲ್ಲ. ನಾನು ಒಪ್ಪಿವ್ನಿ," ಅಂದೆ.

ಮೈದುನ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ಬೇಗ್ನಾ?"

"ಅಗ್ಗ ಅಲ್ವಾ? ನಿಂಗೂ ಅದೇ ತಾನೆ ಬೇಕು?"

ಕಮ್ಮಾರ ಮುಸಿಮುಸಿ ನಕ್ಕ. ನಾನು ಮೋಸ ಮಾಡಿದೆ ಅಂತ ಯಾರಾದರೂ ಅನ್ನಬಹುದು. ಅನ್ನಲಿ. ಮೂರು ನೋಡಿದೆ, ಒಂದನ್ನು ಒಪ್ಪಿದೆ, ಸುಳ್ಳು ಹೇಳಲಿಲ್ಲ.

ಮೊದಲ ದಿನ ಯಂತ್ರ ಕಣದ ಮೇಲೆ ಕುಣಿಯಿತು. ಮುಳ್ಳು ನೆಲಕ್ಕೆ ತಾಗಿ ಟಣ್ ಟಣ್ ಅನ್ನುತ್ತ ಎಗರಿತೇ ಹೊರತು ಇಳಿಯಲಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

"ಏನ್ಲಾ, ಟ್ರಾಕ್ಟ್ರಿಗೆ ಗೆಜ್ಜೆ ಕಟ್ಟಿದ್ದೀಯಾ?" ಅಂತ ಪಕ್ಕದ ಹೊಲದವನು ಕೂಗಿದ.

ಮೈದುನ ಕೊರಡಿನ ಮೇಲೆ ಹಲಗೆ ಕಟ್ಟಿ ಚಪ್ಪಡಿ ಹೇರಿದ. ನಾಲ್ಕು ಮುಳ್ಳು ಬಾಗಿದವು. ಆಗ ಅವನಿಗೆ ಬುದ್ಧಿ ಓಡಿತು. ನೆಲ ಒಣಗಿದೆ, ನೆನೆಸಬೇಕು ಅಂದ. ಬಾವಿಯ ಪಂಪಿನಿಂದ ಕಾಲುವೆ ತಿರುಗಿಸಿ ಕಣದ ಸುತ್ತ ಬದು ಕಟ್ಟಿ ಮೂರು ದಿನ ನೀರು ನಿಲ್ಲಿಸಿದ. ನಾನು ಬಾಗಿಲಲ್ಲಿ ನಿಂತು ಎರಡು ದಿನ ಬೈದೆ. ಇನ್ನು ಮುಗಿಯಿತು, ಈ ಸಲದ ಸುಗ್ಗಿ ರಸ್ತೆಗೇ ಬಿತ್ತು ಅಂದುಕೊಂಡು ಮೂರನೇ ದಿನ ಊಟ ಮಾಡಲಿಲ್ಲ.

ನಾಲ್ಕನೇ ದಿನ ಕೆಸರಿಗೆ ಟ್ರ್ಯಾಕ್ಟರ್ ಇಳಿಸಿದ. ಮುಳ್ಳು ಸಲೀಸಾಗಿ ಇಳಿಯಿತು. ಅವನು ಗೆದ್ದವನ ಹಾಗೆ ನನ್ನ ಕಡೆ ನೋಡುತ್ತ ಸುತ್ತಿದ, ಸುತ್ತಿದ. ಮುಳ್ಳು ಚುಚ್ಚಿದ ತೂತಿಗೆ ಹಿಂದೆಯೇ ಕೆಸರು ಬಂದು ಮುಚ್ಚಿಕೊಳ್ಳುತ್ತಿತ್ತು. ಮುಂದಿನ ಸುತ್ತಿನಲ್ಲಿ ಅದರ ಮೇಲೆ ಚಕ್ರ ಹರಿಯುತ್ತಿತ್ತು. ಬಯ್ಯುವುದಕ್ಕೆ ಬಾಯಿ ತೆಗೆದ ನಾನು ಹಾಗೇ ನಿಂತೆ. ನೀರು ಕುಡಿಸಿದ್ದಾಯಿತು, ಈಗ ತುಳಿಸುತ್ತಿದ್ದಾನೆ. ನನ್ನ ಎರಡು ಎತ್ತು ಎಂಟು ದಿನ ತುಳಿದರೂ ಆ ಹದ ಬರುತ್ತಿರಲಿಲ್ಲ.

ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಉಂಡೆ.

ಎರಡು ದಿನ ಬಿಸಿಲು ಬಿತ್ತು. ಅರ್ಧ ಆರಿದ ನೆಲದಲ್ಲಿ ಚಕ್ರದ ಗುರುತು ಏರುತಗ್ಗಾಗಿ ನಿಂತಿತ್ತು. "ಇಂಗಿದ್ರೆ ಕುರ್ಚಿ ಅಳ್ಳಾಡ್ತವೆ, ಮಟ್ಟ ಮಾಡ್ಬೇಕು," ಅಂತ ಮೈದುನ ಮೂಲೆಯಲ್ಲಿದ್ದ ನಮ್ಮ ಗುಂಡುಕಲ್ಲನ್ನೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆದ. ನನ್ನ ಗಂಡ ತೋಟದಿಂದ ಬಂದವರು ಅದನ್ನು ನೋಡಿ ನಿಂತರು. ಅವರಿಗೆ ತಿಳಿಯಿತು. ತಮ್ಮನನ್ನು ಕೂಗಲು ಕೈ ಎತ್ತಿದರು. ನಾನು ಒಂದು ಸಲ ಅವರನ್ನು ನೋಡಿದೆ. ಕೈ ಇಳಿಸಿ ಮತ್ತೆ ತೋಟಕ್ಕೆ ಹೋದರು.

ವಾರದ ಮೇಲೆ ಮಾವ ಬಂದರು. ಅಂಚಿನಲ್ಲಿ ಮೆಟ್ಟು ಬಿಟ್ಟು, ನಡುವಿಗೆ ಹೋಗಿ ಹಿಮ್ಮಡಿಯಿಂದ ಗುದ್ದಿ ನೋಡಿದರು. ಮೈದುನ ಹೊಸ ಗರಿಕೆಯ ಬುಟ್ಟಿ ಇಳಿಸುತ್ತಿದ್ದ.

"ಕಣ ಬೋ ಚೆಂದಾಗಿ ಬಂದದೆ. ಯಾರು ಮಾಡ್ಸುದ್ದು?" ಅಂದರು ಮಾವ.

"ನಿಮ್ಮ ಚಿಕ್ಕ ಮಗ," ಅಂದೆ.

ಮೈದುನ ಗುದ್ದಲಿ ತಗೊಂಡು ಒಂದು ಏಟು ಹಾಕಿದ. ಗುದ್ದಲಿ ಎಗರಿತು. ಇನ್ನೊಂದು ಏಟು ಹಾಕಲಿಲ್ಲ. ಬುಟ್ಟಿಯನ್ನು ಒದ್ದು ಒಳಗೆ ಹೋದ. ಚೆಲ್ಲಿದ ಗರಿಕೆಯನ್ನು ನಾನು ಗೋರಿ ಎಮ್ಮೆಗೆ ಹಾಕಿದೆ.

ಮಾರನೆಯ ದಿನ ಸಗಣಿ ಬಳಿದೆ. ಸುಗ್ಗಿಗೆ ರಾಗಿ ಅಲ್ಲೇ ಬಿತ್ತು. ಮೈದುನ ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ. ನಾನೂ ಕರೆಯಲಿಲ್ಲ. ಮುದ್ದೆ ಮಾತ್ರ ದಿನಾ ಎರಡು ಹೊತ್ತು ಉಂಡ. ಒಂದು ದಿನವೂ ಕಲ್ಲು ಸಿಕ್ಕಿತು ಅನ್ನಲಿಲ್ಲ.