ಪಿಯೆತ್ರೊ ಅಂಕಲ್ ಅವರ ದ್ರಾಕ್ಷಿ ಬೆಟ್ಟ

ಬಿಸಿನೀರಿನಲ್ಲಿ ನೆನೆದ ಲೇಬಲ್ಲಿನ ವಾಸನೆ ನಿಮಗೂ ಗೊತ್ತಿರಬಹುದು. ಖಾಲಿಯಾದ ಜಾಮ್ ಬಾಟಲಿಯನ್ನು ಉಪ್ಪಿನಕಾಯಿಗೆಂದು ತೊಳೆಯುವಾಗ, ಮೇಲಿನ ಕಾಗದ ಮೆತ್ತಗಾಗಿ ಜಾರತೊಡಗಿದರೆ, ಹಳಸಿದ ಗಂಜಿಯಂಥ ಒಂದು ವಾಸನೆ ಏಳುತ್ತದೆ. ಸಿಂಗಾಪುರದ ಪುಂಗೋಲಿನ ನನ್ನ ಅಡುಗೆಮನೆಯಲ್ಲಿ ಕಳೆದ ವಾರ ಅದು ಎದ್ದಾಗ ನಲ್ಲಿ ನಿಲ್ಲಿಸಿದೆ. ಬುಕಿತ್ ಬಾಟೋಕಿನ ಆರನೇ ಮಹಡಿಯ ಒಂದು ಮನೆ ನೆನಪಾಯಿತು. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ನಾನು ಕಂಡಂತೆ ಅದನ್ನು ಕಂಡವರು ಈ ಊರಿನಲ್ಲಿ ಇನ್ನು ಯಾರೂ ಉಳಿದಿಲ್ಲ.

ಅದು ಕುಮುದತ್ತೆಯ ಮನೆ. ಅಪ್ಪನ ಒಬ್ಬಳೇ ತಂಗಿ, ಮೈಸೂರಿನಿಂದ ನಮ್ಮ ಜೊತೆ ಇರಲು ಬಂದವಳು, ಇಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದು, ಪಿಯೆತ್ರೊ ಎಂಬ ಇಟಲಿಯವರನ್ನು ರಿಜಿಸ್ಟರ್ ಮದುವೆಯಾದಳು. ಅವರು ಜುರಾಂಗಿನ ಆಚೆ ದ್ವೀಪವೊಂದರಲ್ಲಿದ್ದ ತೈಲ ರಿಫೈನರಿಯ ಎಂಜಿನಿಯರ್. ಆಗ ಕಡಲಿಗೆ ಮಣ್ಣು ತುಂಬಿ ಅಲ್ಲಿನ ದ್ವೀಪಗಳನ್ನು ಇನ್ನೂ ಒಂದುಗೂಡಿಸುತ್ತಿದ್ದರು, ದೋಣಿಯಲ್ಲೇ ಹೋಗಿಬರಬೇಕಿತ್ತು. ಶಿಫ್ಟಿನ ಕೆಲಸವಾದ್ದರಿಂದ ಎಷ್ಟೋ ಮಧ್ಯಾಹ್ನ ಮನೆಯಲ್ಲಿರುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಶಾಲೆ ಬಿಟ್ಟವಳೇ ಅಲ್ಲಿಗೆ ಹೋಗುತ್ತಿದ್ದೆ. "ಬಾ ಮಗು, ಊಟ ಆಯ್ತಾ?" ಎಂದು ಅಂಕಲ್, ಅತ್ತೆ ಕಲಿಸಿದ್ದ ಕನ್ನಡದಲ್ಲಿ ಕೇಳಿ, ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಮರದ ಕೋಲಿನಿಂದ ತಿರುವಿ ತಿರುವಿ, ಹಳದಿ ಮುದ್ದೆಯಂಥದೊಂದನ್ನು ಮಾಡಿ ಬೆಣ್ಣೆ ಹಾಕಿ ಕೊಡುತ್ತಿದ್ದರು. ತಿರುವುತ್ತಲೇ ತಮ್ಮ ಊರಿನ ಕತೆ ಹೇಳುತ್ತಿದ್ದರು. ಆಲ್ಪ್ಸ್ ಬೆಟ್ಟದ ಕಡಿದಾದ ಮೈಗೆ ಅವರ ಮುತ್ತಾತ ಕಲ್ಲಿನ ಮೇಲೆ ಕಲ್ಲಿಟ್ಟು, ಗಾರೆಯಿಲ್ಲದೆ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆಸಿದ್ದರಂತೆ. ಹಿಮ ಕರಗಿದಾಗ ಕೆಳಗೆ ಜಾರಿದ ಮಣ್ಣನ್ನು ಮನೆಯವರೆಲ್ಲ ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲಕ್ಕೆ ಒಯ್ಯಬೇಕಂತೆ. ವರ್ಷಕ್ಕೊಮ್ಮೆ ಆ ಮನೆಯಿಂದ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ಒಳಗೆ ಹುಲ್ಲಿನ ನಡುವೆ ಹನ್ನೆರಡು ಬಾಟಲಿ ವೈನ್, ಪ್ರತಿಯೊಂದರ ಮೇಲೂ ಬುಟ್ಟಿಯ ಚಿತ್ರವಿದ್ದ ಕೆನೆಬಣ್ಣದ ಲೇಬಲ್.

ಅಪ್ಪ ಇದರಲ್ಲಿ ಒಂದಕ್ಷರವನ್ನೂ ನಂಬಿರಲಿಲ್ಲ. ಮದುವೆಗೆ ಅಂಕಲ್ ಕಡೆಯಿಂದ ಒಬ್ಬರೂ ಬಂದಿರಲಿಲ್ಲ. "ಬೆಟ್ಟ ಅಂತೆ, ಮುತ್ತಾತ ಅಂತೆ. ಯಾರ್ ನೋಡಿದಾರೆ?" ಎನ್ನುತ್ತಿದ್ದರು. ಗೋಡೆಯ ಮೇಲಿದ್ದ ಕಲ್ಲುಮನೆಯ ಫೋಟೋವನ್ನು, ಅತ್ತೆ ಒಳಗೆ ಹೋದಾಗ, ತೆಗೆದು ಹಿಂಬದಿ ತಿರುಗಿಸಿ ನೋಡಿದ್ದರು, ಅಂಗಡಿಯಲ್ಲಿ ಕೊಂಡ ಪೋಸ್ಟ್‌ಕಾರ್ಡ್ ಇರಬಹುದೆಂದು. ನಾನು ಐದನೇ ಪ್ರೈಮರಿಯಲ್ಲಿದ್ದ ವರ್ಷ ಅಂಕಲ್ ಐದು ದಿನ ಒಬ್ಬರೇ ಇಟಲಿಗೆ ಹೋಗಿಬಂದರು, ಕಂಪನಿ ಕೆಲಸವೆಂದು ಹೇಳಿ. ಅಂದಿನಿಂದ ಅಪ್ಪನ ಅನುಮಾನಕ್ಕೆ ಇನ್ನೊಂದು ರೆಕ್ಕೆ ಬಂತು. ಅಲ್ಲಿ ಬೇರೆ ಸಂಸಾರವೇ ಇದ್ದರೆ? ಸಂಜೆ ನನ್ನನ್ನು ಕರೆದುಕೊಂಡು ಹೋಗಲು ಬಂದಾಗ ಕಟ್ಟಡದ ಕೆಳಗಿನ ಖಾಲಿ ಅಂಗಳ, ವಾಯ್ಡ್ ಡೆಕ್ ದಾಟುತ್ತಾ, ಏನೂ ಇಲ್ಲವೆಂಬಂತೆ, "ಇವತ್ತು ಏನ್ ಮಾಡ್ತಿದ್ರು ನಿಮ್ಮ ಅಂಕಲ್ಲು? ಫೋನ್ ಬಂದಿತ್ತಾ?" ಎಂದು ಕೇಳತೊಡಗಿದರು. ಅಪ್ಪ ನನ್ನ ಮಾತಿಗೆ ಅಷ್ಟು ಕಿವಿಗೊಟ್ಟದ್ದು ಅದೇ ಮೊದಲು. ನನಗೆ ಅದು ಇಷ್ಟವಾಯಿತು. ಹೇಳಲು ಏನೂ ಇಲ್ಲದ ದಿನ ಏನಾದರೂ ಸಿಗಲೆಂದು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ. ಅವರು ಇಟಾಲಿಯನ್ನಿನಲ್ಲಿ ಫೋನಿನಲ್ಲಿ ಮಾತಾಡಿದರೆ ದನಿ ತಗ್ಗಿಸಿದರೋ ಇಲ್ಲವೋ ಎಂದು ಗಮನಿಸುತ್ತಿದ್ದೆ. ಅನುಮಾನದಿಂದ ನೋಡಿದರೆ ಒಬ್ಬರು ನೀರು ಕುಡಿಯುವುದೂ ಬೇರೆ ಥರ ಕಾಣುತ್ತದೆ.

ಆ ವರ್ಷದ ಪೆಟ್ಟಿಗೆ ಬಂದ ಮಾರನೇ ದಿನ ಶಾಲೆ ಬೇಗ ಬಿಟ್ಟಿತ್ತು. ಅಡುಗೆಮನೆಯಲ್ಲಿ ಅಂಕಲ್ ನೆಲದ ಮೇಲೆ ಕೂತಿದ್ದರು. ಬಕೆಟ್ಟಿನ ಬಿಸಿನೀರಿನಲ್ಲಿ ಬಾಟಲಿಗಳು ಮುಳುಗಿದ್ದವು, ಕಪ್ಪು ಮತ್ತು ಬಂಗಾರದ ಬಣ್ಣದ ಯಾವುದೋ ಲೇಬಲ್ಲುಗಳು ಕಳಚಿ ತೇಲುತ್ತಿದ್ದವು. ಮೈದಾ ಅಂಟನ್ನು ಬೆರಳಲ್ಲಿ ಸವರಿ, ಬುಟ್ಟಿಯ ಚಿತ್ರದ ಲೇಬಲ್ಲನ್ನು ಒಂದೊಂದಾಗಿ ಅಂಟಿಸುತ್ತಿದ್ದರು. ನನ್ನನ್ನು ಕಂಡು ಅವರ ಕೈ ನಿಂತಿತು. "ಕುಮುದಂಗೆ ಹೇಳ್ಬೇಡ, ಪ್ಲೀಸ್," ಎಂದರು. ನಾನು ತಲೆಯಾಡಿಸಿದೆ. ಅವರು ಕೈ ತೊಳೆಯಲು ತಿರುಗಿದಾಗ ತೇಲುತ್ತಿದ್ದ ಕಪ್ಪು ಲೇಬಲ್ಲೊಂದನ್ನು ತೆಗೆದು ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡೆ. ಸಂಜೆ ಅಪ್ಪನ ಕೈಗೆ ಕೊಟ್ಟೆ.

ಭಾನುವಾರ ಅತ್ತೆಯ ಮನೆಯಲ್ಲೇ ಊಟ. ಸಾರು ಬಡಿಸುವ ಹೊತ್ತಿಗೆ ಅಪ್ಪ ಆ ಲೇಬಲ್ಲನ್ನು ಮೇಜಿನ ಮೇಲಿಟ್ಟರು. "ಅಂಗಡಿ ವೈನ್ ತಂದು ಮನೆ ಲೇಬಲ್ ಹಚ್ತಾನೆ ನಿನ್ನ ಗಂಡ. ಇಷ್ಟ್ ವರ್ಷ ನಿಂಗೆ ಮಾಡಿದ್ದೂ ಇದೇ." ಅಮ್ಮ, "ಊಟ ಆಗ್ಲಿ, ರೀ," ಎಂದಳು. ಅತ್ತೆ ಲೇಬಲ್ಲನ್ನು ನೋಡಲಿಲ್ಲ, ಗಂಡನ ಮುಖ ನೋಡಿದಳು. ಅಂಕಲ್ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ, ಇಂಗ್ಲಿಷಿನಲ್ಲಿ, ವೈನ್ ತಮ್ಮದೇ ಎಂದರು. ಆ ಐದು ದಿನ ಅವರು ಹೋಗಿದ್ದು ತಮ್ಮ ಅಪ್ಪನನ್ನು ಮಣ್ಣು ಮಾಡಲು. ತಿಂಗಳೊಪ್ಪತ್ತಿನಲ್ಲಿ ಅವರ ಅಣ್ಣ ತೋಟವನ್ನೂ ವೈನ್ ಇಡುವ ನೆಲಮಾಳಿಗೆಯನ್ನೂ ಕೆಳಗಿನ ಕಣಿವೆಯ ಕಂಪನಿಗೆ ಮಾರಿದ. ಅವರ ಅಪ್ಪ ಕೈಯಾರೆ ಮಾಡಿದ ಕೊನೆಯ ವೈನಿಗೆ ಕಂಪನಿ ತನ್ನ ಹೆಸರು ಹಚ್ಚಿತು. ಅದನ್ನೇ ಅವರು ದುಡ್ಡು ಕೊಟ್ಟು ತರಿಸಿಕೊಂಡಿದ್ದರು. ಹಳೆಯ ಲೇಬಲ್ಲುಗಳು ಆಗ ಆ ಮನೆಯ ಡ್ರಾಯರಿನಲ್ಲಿ ಸಿಕ್ಕಿದ್ದವು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಅತ್ತೆ, ಕನ್ನಡದಲ್ಲೇ. ಅಂಕಲ್‌ಗೆ ಅರ್ಥವಾಯಿತು. ಈಗ ನನ್ನ ಅಪ್ಪನೂ ಇಲ್ಲ, ತೋಟವೂ ಇಲ್ಲ ಎಂದರೆ, ಹಿಂದೆ ಇತ್ತು ಎಂಬುದನ್ನೂ ನಿನ್ನ ಅಣ್ಣ ನಂಬುತ್ತಿರಲಿಲ್ಲ ಎಂದರು.

"ಇದಕ್ಕೂ ಒಂದ್ ಕತೆ," ಎಂದು ಅಪ್ಪ ಎದ್ದು ಕೈತೊಳೆದರು.

ಅದಾದ ಮೇಲೆ ನನ್ನನ್ನು ಆ ಮನೆಗೆ ಕಳಿಸಲಿಲ್ಲ. ಶಾಲೆ ಬಿಟ್ಟ ಮಕ್ಕಳನ್ನು ನೋಡಿಕೊಳ್ಳುವ, ಪಕ್ಕದ ಸ್ಟೂಡೆಂಟ್ ಕೇರ್‌ನಲ್ಲಿ ಸಂಜೆಯವರೆಗೆ ಕೂರುತ್ತಿದ್ದೆ. ಮರುವರ್ಷ ಅವರಿಬ್ಬರೂ ಇಟಲಿಗೆ ಹೋದರು. ಅತ್ತೆ ಅಮ್ಮನಿಗೆ ಕಾಗದ ಬರೆಯುತ್ತಿದ್ದಳು, ಅಪ್ಪ ಅವನ್ನು ಓದಲಿಲ್ಲ. ಸಾಯುವವರೆಗೂ ಅವರಿಗೆ ತಾವು ತಪ್ಪಿದೆವೆಂದು ಅನ್ನಿಸಲಿಲ್ಲ, ಅಥವಾ ಅನ್ನಿಸಿದ್ದನ್ನು ನನಗೆ ಹೇಳಲಿಲ್ಲ. ಅವರ ಮಗಳಾದ ನನ್ನಲ್ಲೂ ಆ ಅನುಮಾನದ ಒಂದು ಎಳೆ ಉಳಿದಿತ್ತೆಂದು ಒಪ್ಪಿಕೊಳ್ಳಬೇಕು. ಪಿಯೆತ್ರೊ ಅಂಕಲ್ ತೀರಿಕೊಂಡ ಸುದ್ದಿ ಬಂದು ಆ ಊರಿಗೆ ಹೋದಾಗ, ರೈಲಿನ ಕಿಟಕಿಯಲ್ಲಿ ಬೆಟ್ಟ ಕಾಣುವವರೆಗೂ ನಾನು ಪೂರ್ತಿ ನಂಬಿರಲಿಲ್ಲ.

ಬೆಟ್ಟವಿತ್ತು. ಕಲ್ಲಿನ ಗೋಡೆಗಳಿದ್ದವು, ಅಲ್ಲಲ್ಲಿ ಕುಸಿದು. ಟ್ರ್ಯಾಕ್ಟರ್ ಹತ್ತದ ಮೇಲಿನ ಸಾಲುಗಳನ್ನು ಕಂಪನಿ ಕೈಬಿಟ್ಟಿತ್ತು, ಅಲ್ಲಿ ಮುಳ್ಳು ಬೆಳೆದಿತ್ತು. ಅತ್ತೆಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಮೆಟ್ಟಿಲು ಹತ್ತುವಾಗ ನಾನು ಆ ಲೇಬಲ್ಲಿನ ಮಾತೆತ್ತಿದೆ. "ಹತ್ತು ವರ್ಷದ ಮಗು ನೀನು. ಬಿಡು," ಎಂದಳು.

ಕೆಳಗಿನ ಸಾಲಿನಲ್ಲಿ ಬಳ್ಳಿ ಕಟ್ಟುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿ ಅತ್ತೆಯನ್ನು ಏನೋ ಕೇಳಿದಳು. ಅತ್ತೆ ಉತ್ತರಿಸಿದಳು. ಮುದುಕಿ ಹತ್ತಿರ ಬಂದು, ಮಣ್ಣಾದ ಕೈಯಿಂದ ನನ್ನ ಮೊಣಕೈ ಹಿಡಿದು, ಇನ್ನೊಮ್ಮೆ ಕೇಳಿದಳು.

"ಏನಂತೆ?" ಎಂದೆ.

"ಪಿಯೆತ್ರೊ ಹೇಳ್ತಿದ್ರಂತೆ, ಸಿಂಗಾಪುರದಲ್ಲಿ ಒಂದ್ ಹುಡುಗಿ ದಿನಾ ಸ್ಕೂಲಿಂದ ಬಂದು ನನ್ನ ಜೊತೆ ಊಟ ಮಾಡ್ತಿದ್ಲು, ನನ್ನ ಕತೆ ಎಲ್ಲಾ ಕೇಳ್ತಿದ್ಲು ಅಂತ," ಎಂದಳು ಅತ್ತೆ. "ಇವ್ರು ಯಾರೂ ನಂಬಿರ್ಲಿಲ್ವಂತೆ. ಅದು ನಿಜವಾಗ್ಲೂ ನೀನೇನಾ ಅಂತ ಕೇಳ್ತಿದಾರೆ."