ಪಿಷಾರಡಿ ಸಾರ್ ಮೂಳೆಗಳನ್ನು ನಡೆಸಿದ ಕಥೆ

ತಿರುವನಂತಪುರದ ರುಗ್ಮಾಂಗದನ್ ಪಿಷಾರಡಿ ಸಾರ್ ಮೂಳೆಯ ವಿಷಯದಲ್ಲಿ ದೊಡ್ಡ ಪಂಡಿತರು. ಇದು ಅವರಿಗೇ ಚೆನ್ನಾಗಿ ಗೊತ್ತಿದ್ದುದರಿಂದ ಬೇರೆಯವರಿಗೆ ಅದನ್ನು ಹೇಳುವ ಶ್ರಮ ತಪ್ಪಿತ್ತು. ಅವರ ಪ್ರಯೋಗಾಲಯದಲ್ಲಿ ಬಯೋರಿಯಾಕ್ಟರ್ ಎಂಬ ಗಾಜಿನ ಪಾತ್ರೆಯಿತ್ತು. ಅದರೊಳಗೆ ಸ್ಪಂಜಿನಂಥ ಒಂದು ತುಣುಕು, ತುಣುಕಿನ ತುಂಬ ಮೂಳೆಯ ಜೀವಕೋಶಗಳು. ಮೇಲಿನಿಂದ ಒಂದು ಕಡ್ಡಿ ಬಂದು ಅದನ್ನು ಮೆಲ್ಲಗೆ ಒತ್ತುವುದು, ಬಿಡುವುದು. ಒತ್ತಿಸಿಕೊಂಡ ಕೋಶಗಳು ತಾವು ಯಾರದೋ ಕಾಲಿನಲ್ಲಿದ್ದೇವೆ, ಆ ಕಾಲು ನಡೆಯುತ್ತಿದೆ ಎಂದು ನಂಬಿ ಮೂಳೆ ಕಟ್ಟತೊಡಗುತ್ತವೆ. ಹೋಲಿಸಿ ನೋಡಲೆಂದು ಪಕ್ಕದ ಪಾತ್ರೆಯಲ್ಲಿ ಅಂಥವೇ ಕೋಶಗಳು ಒತ್ತುವವರಿಲ್ಲದೆ ಹಾಯಾಗಿ ಮಲಗಿರುತ್ತವೆ.

"ಭಾರ ಬೀಳದ ಮೂಳೆ ಸೊರಗಿಹೋಗುತ್ತೆ ಕಣ್ರೋ" ಎಂದು ವಿದ್ಯಾರ್ಥಿಗಳಿಗೆ ಸಾರ್ ಮತ್ತೆ ಮತ್ತೆ ಹೇಳುತ್ತಿದ್ದರು. ತಾವು ಮಾತ್ರ ಮೊದಲ ಮಹಡಿಗೂ ಲಿಫ್ಟಿನಲ್ಲೇ ಹೋಗುತ್ತಿದ್ದರು.

ಆ ವರ್ಷ ಓಣಂ ಮುಗಿದ ಮೇಲೆ ಅವರ ತಾಯಿ ಕುಂಜಿಕ್ಕಾವು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಮಾಡಿದ ಡಾಕ್ಟರು, "ನಾಳೆಯಿಂದಲೇ ವಾಕರ್ ಹಿಡಿಸಿ ನಡೆಸಿ" ಎಂದರು. ಸಾರ್ ತಲೆಯಾಡಿಸಿದರು. ಮನೆಗೆ ಬಂದವರೇ ವಾಕರನ್ನು ಬೀರುವಿನ ಮೇಲೆ ಎತ್ತಿಟ್ಟುಬಿಟ್ಟರು.

"ಮತ್ತೆ ಬಿದ್ರೆ ಏನಮ್ಮಾ ಗತಿ? ಎಲ್ಲಾ ಮಂಚಕ್ಕೇ ಬರುತ್ತೆ. ಸುಮ್ನೆ ಮಲಗಿರು."

ಗಂಜಿ ಬಂತು, ಹೆಸರುಕಾಳಿನ ಪಲ್ಯ ಬಂತು, ಟೀವಿಯೂ ಬಂತು. ಹೆಂಡತಿ ತಂಕಮಣಿ, "ಚೇಟ್ಟಾ, ಡಾಕ್ಟರು ಹೇಳಿದ್ದು..." ಎಂದು ಬಾಯಿ ತೆಗೆದರೆ ಸಾಕು, "ಮೂಳೆ ವಿಷಯ ನನಗೇ ಹೇಳಿಕೊಡ್ತೀಯಾ?" ಎಂದು ಗದರುತ್ತಿದ್ದರು. ಮಗ ಅಂದರೆ ಹೀಗಿರಬೇಕು ಎಂದು ಬೀದಿಯೆಲ್ಲ ಕೊಂಡಾಡಿತು. ಅಮ್ಮನ ಕಾಲು ಹೊದಿಕೆಯ ಅಡಿಯಲ್ಲಿ ದಿನೇ ದಿನೇ ಸಣ್ಣಗಾಗುತ್ತಿತ್ತು.

ಹೀಗಿರುವಾಗ ಒಂದು ಹರತಾಳ ಬಂತು. ಬಸ್ಸಿಲ್ಲ, ಆಟೋ ಇಲ್ಲ, ಸ್ಕೂಟರ್ ತೆಗೆದರೆ ಕಲ್ಲು ಬೀಳುವುದು ಖಚಿತ. ಆದರೆ ಅಂದು ಕೋಶಗಳಿಗೆ ಹೊಸ ಆಹಾರದ ದ್ರವ ಹಾಕಬೇಕಿತ್ತು. ಸಾರ್ ಉಟ್ಟಿದ್ದ ಮುಂಡುಪಂಚೆ ಎತ್ತಿಕಟ್ಟಿ ಕಾಲ್ನಡಿಗೆಯಲ್ಲೇ ಹೊರಟರು.

"ಮೋನೇ, ನನ್ನೂ ಜಗಲಿವರೆಗೆ ನಡೆಸ್ಕೊಂಡು ಹೋಗೋ" ಎಂದರು ಅಮ್ಮ.

"ನನಗೆಲ್ಲಿ ಪುರುಸೊತ್ತಮ್ಮಾ? ಅಲ್ಲಿ ಮೂಳೆಗಳು ಕಾಯ್ತಾ ಇವೆ."

ತಿರುವಿನಲ್ಲಿ ಬಾವುಟ ಹಿಡಿದ ಹುಡುಗರು ಅಡ್ಡಗಟ್ಟಿದರು.

"ಎಲ್ಲಿಗೆ ಸಾರೇ, ಹರತಾಳದ ದಿನ?"

"ಮೂಳೆಗೆ ವ್ಯಾಯಾಮ ಮಾಡಿಸೋಕೆ ಕಣಯ್ಯ."

"ಒಳ್ಳೇದು, ನಡೀರಿ ನಡೀರಿ. ಹೊಟ್ಟೇನೂ ಒಂಚೂರು ಕರಗ್ಲಿ!"

ತಮ್ಮ ಮೂಳೆಯಲ್ಲ, ಪಾತ್ರೆಯೊಳಗಿನದು ಎಂದು ವಿವರಿಸಲು ಸಾರ್‌ಗೆ ಉಸಿರು ಉಳಿದಿರಲಿಲ್ಲ.

ಮುಂದಿನ ವಾರ ಪ್ರಯೋಗದ ಫಲಿತಾಂಶ ಬಂತು. ಸಾರ್ ಪಾಯಸ ಕಟ್ಟಿಸಿಕೊಂಡು ಬಂದು ಅಮ್ಮನ ಮಂಚದ ಮೇಲೆ ಕುಳಿತರು.

"ಅಮ್ಮಾ, ಗೆದ್ದೆ! ನಡೆಸಿದವು ಗಟ್ಟಿ ಮೂಳೆ ಕಟ್ಟಿವೆ. ಮಲಗಿಸಿದ್ದವು ಬರೀ ದಂಡ."

"ಮಲಗಿಸಿದ್ದವಕ್ಕೆ ಹೊಟ್ಟೆಗೆ ಹಾಕಿರಲಿಲ್ವಾ?"

"ಯಾಕಿಲ್ಲ? ಎರಡಕ್ಕೂ ಒಂದೇ ಆಹಾರ, ಒಂದೇ ಉಪಚಾರ. ಯಾವುದಕ್ಕೂ ಕಡಿಮೆ ಮಾಡಿಲ್ಲ."

ಅಮ್ಮ ಚಮಚ ಕೆಳಗಿಟ್ಟರು. "ಹಾಗಾದ್ರೆ ನಾನು ನಿನ್ನ ಯಾವ ಪಾತ್ರೇಲಿದೀನಿ, ಮೋನೇ?"

ಸಾರ್ ಹೊದಿಕೆ ಸರಿಸಿ ಆ ಕಾಲನ್ನು ನೋಡಿದರು. ನಾಚಿಕೆಯಿಂದ ಕುಗ್ಗಿಹೋದರು. ಎದ್ದು ಸ್ಟೂಲ್ ಹತ್ತಿ ವಾಕರ್ ಇಳಿಸಿದರು. ಅಮ್ಮ ಅದನ್ನು ಹಿಡಿದು ನಿಂತರು; ಸಾರ್ ಹಿಂದಿನಿಂದ ಎರಡೂ ಕೈಯಲ್ಲಿ ಬಿಗಿಯಾಗಿ ಅವರನ್ನು ಹಿಡಿದುಕೊಂಡರು.

"ಬಿಡೋ. ನೀನೇ ಹೊತ್ಕೊಂಡ್ರೆ ನನ್ನ ಕಾಲಿಗೇನು ಕೆಲಸ?"

"ಭಯ ಆಗುತ್ತಮ್ಮಾ."

"ಬೀಳೋಳು ನಾನು. ನಿನಗೇನೋ ಭಯ?"

ಸಾರ್ ಕೈ ಬಿಟ್ಟರು. ಅಮ್ಮ ಒಂದು ಹೆಜ್ಜೆ ಇಟ್ಟರು. ಕಾಲು ಗಡಗಡ ನಡುಗಿ ಹಿಂದಕ್ಕೆ ಮಂಚದ ಮೇಲೆಯೇ ಕುಸಿದರು. ಇಷ್ಟು ದಿನದ ಪ್ರೀತಿ ಆ ಕಾಲಿನಲ್ಲಿ ಏನನ್ನೂ ಉಳಿಸಿರಲಿಲ್ಲ.

ತಂಕಮಣಿ ಓಡಿಬಂದಳು. "ಅಯ್ಯೋ, ಮಲಗಿಸ್ಲಾ ಅಮ್ಮೇ?"

"ಬೇಡ" ಎಂದರು ಸಾರ್, ಅಮ್ಮ ಬಾಯಿ ತೆರೆಯುವ ಮೊದಲೇ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಏಳಮ್ಮಾ, ಇನ್ನೊಂದ್ಸಲ."